ಅಜ್ಜಿ ಕೇಳುವುದು ಅಸುರಿಯಲ್ಲಿ, ಮೊಮ್ಮಗ ಉತ್ತರ ಕೊಡುವುದು ಸಾದ್ರಿಯಲ್ಲಿ

ಹಾಸನದವ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಾನು ಬ್ಯಾಂಕ್ ನೌಕರ. ವರ್ಗಾವಣೆ ಆಗಿ ಮೂರು ವರ್ಷ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯಲ್ಲಿದ್ದೆ. ನಮ್ಮ ಶಾಖೆಗೆ ಬಿಷುನ್‌ಪುರ ಕಡೆಯ ಗುಡ್ಡದ ಊರುಗಳಿಂದ ಜನ ಬರುತ್ತಿದ್ದರು. ಆ ಗುಡ್ಡಗಳು ನಮ್ಮ ಮಲೆನಾಡಿನ ಗುಡ್ಡಗಳ ಹಾಗಲ್ಲ. ಹತ್ತಿ ಹೋದರೆ ಮೇಲೆ ಮೇಜಿನ ಹಾಗೆ ಸಮತಟ್ಟು. ಅದಕ್ಕೆ ಅಲ್ಲಿ 'ಪಾಟ್' ಅನ್ನುತ್ತಾರೆ. ಊರಿನ ಹೆಸರುಗಳೂ ಜೋಭಿಪಾಟ್, ಪೋಲ್‌ಪೋಲ್‌ಪಾಟ್ ಅಂತ. ಅಲ್ಲಿ ಅಸುರ್ ಎಂಬ ಬುಡಕಟ್ಟಿನವರು ಇದ್ದಾರೆ. ಹಿಂದೆ ತಲೆತಲಾಂತರದಿಂದ ಕಬ್ಬಿಣ ಕರಗಿಸುತ್ತಿದ್ದ ಜನ. ಅವರ ಭಾಷೆ ಅಸುರಿ. ಮುಂಡಾ ಕುಟುಂಬದ್ದು.

ಒಂದು ದಿನ ಪಿಂಚಣಿ ಖಾತೆ ತೆರೆಯಲು ಒಬ್ಬ ಅಜ್ಜಿ ಬಂದರು. ಜೊತೆಗೆ ಹತ್ತು ಹನ್ನೊಂದು ವರ್ಷದ ಮೊಮ್ಮಗ. ಅಜ್ಜಿಗೆ ಹಿಂದಿ ಬಾರದು. ನಾನು ಹಿಂದಿಯಲ್ಲಿ ಕೇಳಿದ್ದನ್ನು ಹುಡುಗ ಸಾದ್ರಿಯಲ್ಲಿ ಅಜ್ಜಿಗೆ ಹೇಳಿದ. ಸಾದ್ರಿ ಅಂದರೆ ಆ ಕಡೆ ಸಂತೆಯಲ್ಲಿ ಎಲ್ಲಾ ಜಾತಿ, ಬುಡಕಟ್ಟಿನವರೂ ಆಡುವ ಮಾತು. ನಾಗಪುರಿ ಅಂತಲೂ ಕರೆಯುತ್ತಾರೆ. ಅಜ್ಜಿ ಅಸುರಿಯಲ್ಲಿ ಉತ್ತರ ಕೊಟ್ಟರು. ಹುಡುಗನಿಗೆ ಪೂರ್ತಿ ಅರ್ಥ ಆಯಿತು. ಆದರೆ ಆ ಅರ್ಧ ಗಂಟೆಯಲ್ಲಿ ಅವನು ಒಂದು ಸಲವೂ ಅಸುರಿಯಲ್ಲಿ ತಿರುಗಿ ಮಾತಾಡಲಿಲ್ಲ. "ನಿನಗೆ ಬರಲ್ವಾ?" ಅಂತ ಕೇಳಿದೆ. "ಕೇಳಿದರೆ ಗೊತ್ತಾಗುತ್ತೆ, ಬಾಯಿಗೆ ಬರಲ್ಲ" ಅಂದ.

ಅಜ್ಜಿ ಹೆಬ್ಬೆಟ್ಟು ಒತ್ತಿ ಹೊರಟರು. ನನಗೆ ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ.

ಇನ್ನೊಂದು ದಿನ ವಾರದ ಸಂತೆಗೆ ಹೋಗಿದ್ದೆ. ಒಂದು ಕಡೆ ಲೌಡ್‌ಸ್ಪೀಕರ್ ಹಾಕಿದ್ದರು. ಹಾಡು, ಆಮೇಲೆ ಸುದ್ದಿ, ಆಮೇಲೆ ಮತ್ತೆ ಹಾಡು. ಮಾರುವವರು, ಕೊಳ್ಳುವವರು ಎಲ್ಲರೂ ನಿಂತು ಕೇಳುತ್ತಿದ್ದರು. ವಿಚಾರಿಸಿದರೆ, ಅದು ಅಸುರಿ ಭಾಷೆಯ ಮೊಬೈಲ್ ರೇಡಿಯೋ. 2020ರ ಜನವರಿಯಲ್ಲಿ ಶುರು ಮಾಡಿದ್ದಂತೆ. ಫೋನಿನಲ್ಲೇ ರೆಕಾರ್ಡ್ ಮಾಡಿ, ಸಂತೆಗೆ ಒಯ್ದು ಹಾಕುತ್ತಾರೆ. ಪರವಾನಗಿ, ಗೋಪುರ, ಸ್ಟುಡಿಯೋ ಯಾವುದೂ ಇಲ್ಲ.

ಈಗ ಊರಿಗೆ ವಾಪಸ್ ಬಂದಿದ್ದೇನೆ. ಮೊನ್ನೆ ಇದನ್ನು ಸಹೋದ್ಯೋಗಿ ಒಬ್ಬರಿಗೆ ಹೇಳಿದರೆ, "ಏಳು ಸಾವಿರ ಜನ ಆಡುವ ಭಾಷೆ ಹೋದರೆ ಯಾರಿಗೆ ನಷ್ಟ?" ಅಂದರು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ನೀವು ಏನು ಹೇಳುತ್ತಿದ್ದಿರಿ?

---

ಬೆಳ್ಳಂದೂರು ಕೆರೆ ಪಕ್ಕ

ಗುಮ್ಲಾ ಯಾಕೆ, ನಮ್ಮನೆಗೆ ಬನ್ನಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಓದುವಾಗ ಹೊಟ್ಟೆಯಲ್ಲಿ ಏನೋ ಆಯಿತು.

---

ನೇರ ಮಾತು

ನನ್ನ ಅಭಿಪ್ರಾಯ ಬೇರೆ, ಬೇಜಾರು ಮಾಡಿಕೊಳ್ಳಬೇಡಿ. ಭಾಷೆ ಇರುವುದು ಬದುಕೋಕೆ. ನಮ್ಮ ತಂದೆ ಮಗ್ಗದ ಕೆಲಸ ಮಾಡುತ್ತಿದ್ದವರು. ನಮ್ಮ ಮನೆ ಮಾತು ಕನ್ನಡ ಅಲ್ಲ. ನಾನು ಕನ್ನಡ, ಇಂಗ್ಲಿಷ್ ಕಲಿತು ಕೆಲಸಕ್ಕೆ ಸೇರಿದೆ, ಮನೆ ಉದ್ಧಾರ ಆಯಿತು. ಆ ಹುಡುಗನಿಗೂ ಮೊದಲು ಹಿಂದಿ, ಇಂಗ್ಲಿಷ್ ಬರಲಿ. ಊಟಕ್ಕೆ ದಾರಿ ಇಲ್ಲದ ಮನೆಗೆ ಹೋಗಿ 'ನಿಮ್ಮ ಭಾಷೆ ಉಳಿಸಿ' ಅನ್ನುವುದು ಹೊಟ್ಟೆ ತುಂಬಿದವರ ಮಾತು ಅಂತ ನನಗನಿಸುತ್ತೆ.

---

ಹಾಸನದವ

@ನೇರ ಮಾತು, ಬೇಜಾರೇನಿಲ್ಲ ಸರ್. ಆದರೆ ಹಿಂದಿ ಕಲಿಯಬೇಡ ಅಂತ ಅಲ್ಲಿ ಯಾರೂ ಹೇಳುತ್ತಿಲ್ಲ. ಆ ಹುಡುಗನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ನೀವು ನಿಮ್ಮ ತಂದೆ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ?

---

ನೇರ ಮಾತು

ಮನೆ ಮಾತಲ್ಲೇ. ಅದು ನಿಜ.

---

ವಿಶ್ರೀ

ನಾನು ಮಾನಸಗಂಗೋತ್ರಿಯಲ್ಲಿ ಭಾಷಾವಿಜ್ಞಾನ ಓದಿದವಳು. ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಇಲ್ಲಿ ಕೆಲವರಿಗೆ ಮುಂಡಾ ಅಂದರೆ ಬಿರ್ಸಾ ಮುಂಡಾ ಹೆಸರು ಮಾತ್ರ ಗೊತ್ತಿರಬಹುದು.

ಮುಂಡಾ ಭಾಷೆಗಳು ಸಂಸ್ಕೃತದ ಕಡೆಯವೂ ಅಲ್ಲ, ನಮ್ಮ ದ್ರಾವಿಡದ ಕಡೆಯವೂ ಅಲ್ಲ. ಅವು ಆಸ್ಟ್ರೋಏಷ್ಯಾಟಿಕ್ ಎಂಬ ಮೂರನೇ ಕುಟುಂಬ. ಅವುಗಳ ನೆಂಟರು ಮೇಘಾಲಯದ ಖಾಸಿ, ನಿಕೋಬಾರಿನ ಭಾಷೆಗಳು, ಕಾಂಬೋಡಿಯಾದ ಖ್ಮೇರ್, ವಿಯೆಟ್ನಾಮಿ. ಕಣ್ಣಿಗೆ ಸಂತಾಲಿಯಲ್ಲಿ ಮೆತ್, ಖಾಸಿಯಲ್ಲಿ ಖ್ಮತ್, ವಿಯೆಟ್ನಾಮಿನಲ್ಲಿ ಮತ್. ಜಾರ್ಖಂಡ್ ಕಡೆಯ ಛೋಟಾನಾಗಪುರದಿಂದ ವಿಯೆಟ್ನಾಮಿನ ಹನೋಯಿವರೆಗೆ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಪದ. ಮೊದಲ ಸಲ ಕ್ಲಾಸಿನಲ್ಲಿ ಕೇಳಿದಾಗ ನನಗೆ ರೋಮಾಂಚನ ಆಗಿತ್ತು.

ಈ ಕುಟುಂಬದಲ್ಲಿ ಸಂತಾಲಿ ದೊಡ್ಡಣ್ಣ. 2011ರ ಜನಗಣತಿಯಲ್ಲಿ 73 ಲಕ್ಷಕ್ಕೂ ಜಾಸ್ತಿ ಜನ. ಹೋ, ಮುಂಡಾರಿ ಹತ್ತು ಲಕ್ಷದ ಮೇಲೆ. ಅಸುರಿ, ಬಿರ್‌ಹೋರ್, ಒಡಿಶಾದ ಬೋಂಡಾ ಜನರ ರೇಮೋ, ಕೊರಾಪುಟ್‌ನ ಗುತೋಬ್, ಗೋರುಂ ಇವೆಲ್ಲ ಸಣ್ಣವು. ಇಲ್ಲೇ ಕಷ್ಟ ಇರುವುದು.

'ಏನು ನಷ್ಟ' ಅಂತ ಕೇಳಿದಿರಲ್ಲ? ಒಂದು ಉದಾಹರಣೆ ಕೊಡುತ್ತೇನೆ. ಅಸುರಿಗೆ ತೀರಾ ಹತ್ತಿರದ ಮುಂಡಾರಿ ತಗೊಳ್ಳಿ. ನಾವು ಕನ್ನಡದಲ್ಲಿ 'ನಾವು' ಅಂದರೆ ಮುಗಿಯಿತು. ಮುಂಡಾರಿಯಲ್ಲಿ ನಾಲ್ಕು 'ನಾವು' ಇವೆ. ನಾನು ನೀನು ಇಬ್ಬರೇ ಅಂದರೆ 'ಅಲಂಗ್'. ನಾನು ಮತ್ತು ಇನ್ನೊಬ್ಬ, ನೀನು ಬಿಟ್ಟು ಅಂದರೆ 'ಅಲಿಂಗ್'. ನೀನೂ ಸೇರಿ ನಾವೆಲ್ಲ ಅಂದರೆ 'ಅಬು'. ನಿನ್ನನ್ನು ಬಿಟ್ಟು ನಾವೆಲ್ಲ ಅಂದರೆ 'ಅಲೆ'. ಬಾಯಿ ತೆರೆಯುವ ಮೊದಲೇ ಎದುರಿಗಿರುವವನು ನಮ್ಮಲ್ಲಿ ಸೇರಿದವನಾ ಅಲ್ವಾ ಅಂತ ತೀರ್ಮಾನ ಮಾಡಿರಬೇಕು. "ನಾವು ಈಗ ಊಟ ಮಾಡುತ್ತೇವೆ" ಅನ್ನುವಾಗ ಅಬು ಬಳಸಿದರೆ ಕೇಳಿಸಿಕೊಂಡವನಿಗೂ ಎಲೆ ಹಾಕಲೇಬೇಕು!

---

ದಾವಣಗೆರೆ ಬೆಣ್ಣೆ

ತೆಲುಗಿನಲ್ಲಿ ಮನಮು, ಮೇಮು ಇದೆಯಲ್ಲ ಹಾಗೆ. ನಮ್ಮ ಅತ್ತೆ ಮನೆಯವರು ತೆಲುಗು. ಮದುವೆ ಆದ ಹೊಸದರಲ್ಲಿ ನನ್ನನ್ನು 'ಮನಮು'ಗೆ ಸೇರಿಸಿಕೊಂಡ ದಿನ ನನಗೆ ಇನ್ನೂ ನೆನಪಿದೆ.

---

ವಿಶ್ರೀ

@ದಾವಣಗೆರೆ ಬೆಣ್ಣೆ, ಅದೇ ಅಕ್ಕ! ತಮಿಳಿನಲ್ಲೂ ಇದೆ. ಕನ್ನಡ ಈ ಭೇದವನ್ನು ಕಳೆದುಕೊಂಡಿದೆ. ಮುಂಡಾರಿಯಲ್ಲಿ ಅದರ ಜೊತೆ 'ಇಬ್ಬರು' ಅನ್ನುವ ವಚನವೂ ಸೇರಿ ನಾಲ್ಕಾಗಿದೆ.

---

ರಾಂಚಿಯ ಕನ್ನಡಿಗ

ಇಪ್ಪತ್ತು ವರ್ಷದಿಂದ ರಾಂಚಿಯಲ್ಲಿದ್ದೇನೆ. ಹಾಸನದವರೇ, ನೀವು ಬರೆದದ್ದು ನಿಜ, ಆದರೆ ಎರಡು ಮಾತು ಸೇರಿಸಬೇಕು.

ಜಾರ್ಖಂಡ್‌ನಲ್ಲಿ ಅಸುರ್ ಜನಸಂಖ್ಯೆ 2011ರಲ್ಲಿ ಸುಮಾರು 22 ಸಾವಿರ. ಭಾಷೆ ಆಡುವವರು ಏಳೆಂಟು ಸಾವಿರ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಅಂದರೆ ಮೂರರಲ್ಲಿ ಎರಡು ಪಾಲು ಜನರ ಮನೆಯಲ್ಲಿ ಈಗಾಗಲೇ ಸಾದ್ರಿಯೋ ಹಿಂದಿಯೋ ಬಂದು ಕೂತಿದೆ. ಯುನೆಸ್ಕೋ ಇದನ್ನು 'ಖಚಿತವಾಗಿ ಅಪಾಯದಲ್ಲಿದೆ' ಎಂಬ ಸಾಲಿಗೆ ಹಾಕಿದೆ. ಆ ಸಾಲಿಗೆ ಅವರು ಕೊಡುವ ಅರ್ಥ ಏನು ಗೊತ್ತಾ? ಮಕ್ಕಳು ಮನೆಯಲ್ಲಿ ಅದನ್ನು ತಾಯಿನುಡಿಯಾಗಿ ಕಲಿಯುತ್ತಿಲ್ಲ ಅಂತ. ನಿಮ್ಮ ಕೌಂಟರ್ ಮುಂದೆ ನಿಂತ ಆ ಅಜ್ಜಿ, ಮೊಮ್ಮಗ ಇಬ್ಬರೇ ಆ ಇಡೀ ವಿವರಣೆ.

ಎರಡನೆಯದು ಹೆಸರಿನ ವಿಷಯ. ಅವರ ಮಕ್ಕಳು ಶಾಲೆಗೆ ಹೋದರೆ ಅಡ್ಡಹೆಸರು 'ಅಸುರ್' ಅಂತ ಕೇಳಿ ಬೇರೆ ಮಕ್ಕಳು ಕೊಂಬು ಎಲ್ಲಿ, ಉಗುರು ತೋರಿಸು ಅಂತ ರೇಗಿಸುತ್ತಾರೆ. ನನ್ನ ಪರಿಚಯದ ಒಬ್ಬ ಹುಡುಗ ಅದಕ್ಕೇ ಹಾಸ್ಟೆಲ್ ಬಿಟ್ಟು ಮನೆಗೆ ಓಡಿ ಹೋಗಿದ್ದ. ಯಾವ ಶಾಲೆ ಅಂತ ಹೇಳುವುದಿಲ್ಲ. ಹೆಸರು ಹೇಳೋಕೇ ನಾಚಿಕೆ ಪಡುವ ಮಗು ಭಾಷೆ ಹೇಗೆ ಆಡುತ್ತೆ?

ಸಂತೆ ರೇಡಿಯೋ ನನಗೆ ದೊಡ್ಡದಾಗಿ ಕಾಣುವುದು ಈ ಕಾರಣಕ್ಕೆ. ಭಾಷೆಯನ್ನು ಮೈಕ್‌ನಲ್ಲಿ, ಎಲ್ಲರ ಎದುರಿಗೆ, ಒರಾಂವ್, ಸಾಹು, ಮುಸ್ಲಿಂ ವ್ಯಾಪಾರಿ ಎಲ್ಲರ ಕಿವಿಗೂ ಬೀಳುವ ಹಾಗೆ ಹಾಕಿದರು. ಮನೆಯೊಳಗೆ ಮೆತ್ತಗೆ ಆಡುವ ಮಾತು ಸಂತೆಗೆ ಬಂತು.

---

ಪುತ್ತೂರಿನ ಅಕ್ಕ

ಅವರಿಗೆ ಲಿಪಿ ಇದೆಯೇ? ಮೊದಲು ಲಿಪಿ ಬೇಕು. ನಮ್ಮ ತುಳುವಿಗೆ ಲಿಪಿ ಇದ್ದೂ ಬಳಕೆ ಇಲ್ಲದೆ ಎಷ್ಟು ಕಷ್ಟ ಆಗಿದೆ ಅಂತ ನಮಗೆ ಗೊತ್ತು. ಸಂತಾಲಿಯವರು ಓಲ್ ಚಿಕಿ ಅಂತ ತಮ್ಮದೇ ಲಿಪಿ ಮಾಡಿಕೊಂಡು ಗೆದ್ದರಲ್ಲ.

---

ರಾಂಚಿಯ ಕನ್ನಡಿಗ

ಅಸುರಿ ಬರೆಯುವುದು ದೇವನಾಗರಿಯಲ್ಲಿ ಅಕ್ಕ. ಸಖುವಾಪಾನಿಯ ಸುಷ್ಮಾ ಅಸುರ್ ಅನ್ನುವ ಕವಯಿತ್ರಿ ಇದ್ದಾರೆ. 2010ರಲ್ಲಿ ಅವರ ಪದ್ಯಗಳು ಪುಸ್ತಕವಾಗಿ ಬಂದವು. ಆ ಭಾಷೆಯಲ್ಲಿ ಅಚ್ಚಾದ ಮೊದಲ ಪುಸ್ತಕ ಅಂತ ಇಲ್ಲಿ ಹೇಳುತ್ತಾರೆ. ರೇಡಿಯೋದ ಹಿಂದೆ ಇರುವುದು ವಂದನಾ ಟೇಟೆ ಮತ್ತು ಅವರ ಸಂಗಾತಿಗಳು ನಡೆಸುವ ಸಾಹಿತ್ಯ ಸಂಸ್ಕೃತಿ ಅಖಾಡ. ವಂದನಾ ಅವರದು ಖಡಿಯಾ ಭಾಷೆ, ಅದೂ ಮುಂಡಾ ಕುಟುಂಬದ್ದೇ. ಪಕ್ಕದ ಮನೆಯವರು ಬಂದು ಕೈ ಜೋಡಿಸಿದ ಹಾಗೆ.

---

ವಿಶ್ರೀ

@ಪುತ್ತೂರಿನ ಅಕ್ಕ, ಲಿಪಿ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ರಘುನಾಥ ಮುರ್ಮು 1925ರಲ್ಲಿ ಓಲ್ ಚಿಕಿ ಮಾಡಿದರು, ನಿಜ. ಆದರೆ ಅದರ ಬೆನ್ನಿಗೆ ಲಕ್ಷಾಂತರ ಜನ ಮಾತಾಡುವವರು ಇದ್ದರು, ನಾಟಕ ಇತ್ತು, ಹಾಡು ಇತ್ತು, ಚಳವಳಿ ಇತ್ತು. ಒಡಿಶಾ, ಆಂಧ್ರ ಕಡೆಯ ಸವರ ಜನರದೂ ಮುಂಡಾ ಕುಟುಂಬದ ಭಾಷೆ. ಅವರಿಗೆ 1936ರಲ್ಲಿ ಮಂಗೇಯಿ ಗೊಮಾಂಗೋ 'ಸೋರಂಗ್ ಸೊಂಪೆಂಗ್' ಲಿಪಿ ಮಾಡಿದರು. ಚೆಂದದ ಲಿಪಿ, ಯೂನಿಕೋಡ್‌ನಲ್ಲೂ ಇದೆ. ಆದರೂ ಬಹಳ ಜನ ಸವರರು ತೆಲುಗು, ಒಡಿಯಾ, ರೋಮನ್ ಅಕ್ಷರಗಳಲ್ಲೇ ಬರೆಯುತ್ತಾರೆ. ಆಡುವ ಮಗು ಇದ್ದರೆ ಯಾವ ಅಕ್ಷರದಲ್ಲಾದರೂ ಬರೆಯಬಹುದು. ಮಗು ಇಲ್ಲದಿದ್ದರೆ ಲಿಪಿ ಚಿತ್ರ ಆಗಿ ಗೋಡೆಗೆ ನೇತು ಹಾಕುತ್ತೇವೆ.

---

ಪುತ್ತೂರಿನ ಅಕ್ಕ

ಮಗು ಬೇಕು ಅನ್ನುವುದು ಸರಿಯೇ ಮಾರಾಯ್ತಿ. ಆದರೆ ಲಿಪಿ ಇದ್ದರೆ ಮಕ್ಕಳಿಗೆ ಒಂದು ಹೆಮ್ಮೆ ಬರ್ತದೆ. ಹೆಮ್ಮೆ ಇಲ್ಲದೆ ಮಾತಾಡುವುದಿಲ್ಲ ಅಂತ ರಾಂಚಿಯವರು ಈಗಷ್ಟೇ ಹೇಳಿದರಲ್ಲ? ನಮ್ಮಲ್ಲಿ ಕೊರಗ ಭಾಷೆ ಇದೆ. ಅದನ್ನು ಆಡುವ ಮನೆ ಹುಡುಕಬೇಕು ಈಗ. ಎಲ್ಲರೂ ತುಳುವಿಗೆ ಬಂದಿದ್ದಾರೆ. ನಾವು ತುಳುವರು ನಮ್ಮ ಭಾಷೆ ಸಣ್ಣದು ಅಂತ ಕೊರಗುತ್ತೇವೆ, ನಮಗಿಂತ ಸಣ್ಣ ಭಾಷೆ ನಮ್ಮ ಅಂಗಳದಲ್ಲೇ ಕರಗಿದ್ದು ನೋಡಲಿಲ್ಲ. ಇದು ನನಗೆ ತುಂಬಾ ಚುಚ್ಚುತ್ತದೆ.

---

ಕುಲುಮೆ ಮನೆ

ನಾನು ಕಮ್ಮಾರರ ಮನೆಯವನು. ಅಜ್ಜ ನೇಗಿಲ ಗುಳ, ಕುಡುಗೋಲು, ಎತ್ತಿನ ಲಾಳ ಮಾಡುತ್ತಿದ್ದರು. ಈಗ ನನ್ನದು ವೆಲ್ಡಿಂಗ್ ಅಂಗಡಿ. ಅದಕ್ಕೇ ಈ ಕಬ್ಬಿಣದ ವಿಷಯ ಹುಡುಕಿ ಓದಿದ್ದೇನೆ, ಬರೆಯುತ್ತೇನೆ.

ನಮ್ಮ ಅಜ್ಜ ಮಾಡುತ್ತಿದ್ದದ್ದು ಬೇರೆ ಕಡೆ ತಯಾರಾದ ಕಬ್ಬಿಣ ಕಾಯಿಸಿ ಬಡಿಯುವುದು. ಅಸುರರು ಅದಕ್ಕೂ ಹಿಂದಿನ ಕೆಲಸ ಮಾಡುತ್ತಿದ್ದರು. ಮಣ್ಣಿನ ಬಣ್ಣ ನೋಡಿ ಅದಿರು ಗುರುತಿಸುತ್ತಿದ್ದರು. ಅದಿರಿನಲ್ಲಿ ಮೂರು ಜಾತಿ ಮಾಡಿದ್ದರು. ಪೋಲಾ, ಬೀಚಿ, ಗೋಟಾ. ಸಾಲ್ ಮರದ ಇದ್ದಿಲು ಬೇಕು, ಬೇರೆ ಇದ್ದಿಲು ಆಗಲ್ಲ. ಮಣ್ಣಿನ ಸಣ್ಣ ಕುಲುಮೆ ಕಟ್ಟಿ, ಚರ್ಮ ಬಿಗಿದ ತಿದಿಯನ್ನು ಕಾಲಿನಲ್ಲಿ ತುಳಿದು ಗಾಳಿ ಹಾಕುತ್ತಿದ್ದರು. ಗಂಟೆಗಟ್ಟಲೆ ತುಳಿಯಬೇಕು. ತುಳಿಯುವಾಗ ಹಾಡು. ಅವರ ಪೂಜೆಯಲ್ಲೂ ಇಕ್ಕಳ, ಸುತ್ತಿಗೆಗೆ ಜಾಗ ಇದೆ, ನಮ್ಮ ಆಯುಧ ಪೂಜೆಯ ಹಾಗೆ.

ಇದು ನಿಂತದ್ದು ಹೇಗೆ? ಬ್ರಿಟಿಷರ ಅರಣ್ಯ ಕಾನೂನು ಬಂತು, ಸಾಲ್ ಮರ ಕಡಿದು ಇದ್ದಿಲು ಮಾಡುವುದು ಅಪರಾಧ ಆಯಿತು. ಆಮೇಲೆ ಕಾರ್ಖಾನೆಯ ಅಗ್ಗದ ಕಬ್ಬಿಣ ಸಂತೆಗೆ ಬಂತು. 1907ರಲ್ಲಿ ಟಾಟಾ ಕಂಪನಿ ಶುರುವಾದದ್ದೂ ಅದೇ ಛೋಟಾನಾಗಪುರದ ಸೀಮೆಯಲ್ಲಿ. ಕುಲುಮೆ ಆರಿತು. ಈಗ ಆ ಪಾಟ್‌ಗಳಲ್ಲಿ ಅಗೆಯುವುದು ಕಬ್ಬಿಣ ಅಲ್ಲ, ಅಲ್ಯೂಮಿನಿಯಂಗೆ ಬೇಕಾದ ಬಾಕ್ಸೈಟ್.

ನಾನು ಹೇಳುವುದು ಇಷ್ಟೇ. ಕೆಲಸ ಹೋದರೆ ಮಾತು ಹೋಗುತ್ತೆ. ನಮ್ಮ ಅಜ್ಜನ ಬಾಯಲ್ಲಿ ಕಬ್ಬಿಣ ಕಾದ ಬಣ್ಣಕ್ಕೆ ನಾಲ್ಕೈದು ಪದ ಇದ್ದವು. ನನಗೆ ಒಂದೂ ನೆನಪಿಲ್ಲ. ವೆಲ್ಡಿಂಗ್‌ಗೆ ಅದು ಬೇಕಾಗಲಿಲ್ಲ. ಮೂರು ಅದಿರಿನ ಹೆಸರು ಹೇಳುವ ಅಸುರ್ ಮುದುಕ ತೀರಿಕೊಂಡರೆ ಆ ಮೂರು ಕಲ್ಲು ಒಂದೇ ಕಲ್ಲಾಗುತ್ತೆ.

---

ಹಾಸನದವ

ಕುಲುಮೆ ಮನೆಯವರೇ, ಕಣ್ಣು ತುಂಬಿತು. ಸಹೋದ್ಯೋಗಿಗೆ ನಾಳೆ ಇದನ್ನೇ ತೋರಿಸುತ್ತೇನೆ.

---

ಕೆ.ಆರ್. ಮೊಹಲ್ಲಾ

ಅಸುರ್ ಅಂದಾಗ ಮೈಸೂರಿನವನಾಗಿ ನನಗೆ ನೆನಪಾಗುವುದು ಮಹಿಷ. ಅವರು ಮಹಿಷಾಸುರನನ್ನು ತಮ್ಮ ಹಿರಿಯ ಅನ್ನುತ್ತಾರೆ, ದುರ್ಗಾಪೂಜೆ ದಿನ ಶೋಕ ಆಚರಿಸುತ್ತಾರೆ ಅಂತ ಓದಿದ್ದೆ. ನಮ್ಮ ಊರಿನ ಹೆಸರೇ ಮಹಿಷನಿಂದ ಬಂದದ್ದು, ಚಾಮುಂಡಿ ಬೆಟ್ಟದ ಮೇಲೆ ಅವನ ಪ್ರತಿಮೆ ಇದೆ. ಹಾಗಾದರೆ ಅವರಿಗೂ ನಮಗೂ ಹಳೇ ಸಂಬಂಧ ಇರಬೇಕಲ್ಲ?

---

ರಾಂಚಿಯ ಕನ್ನಡಿಗ

ಆ ದಿನಗಳಲ್ಲಿ ಶೋಕ ಆಚರಿಸುವ ಮನೆಗಳು ಇವೆ, ಹೌದು. ಅದು ಅವರ ನಂಬಿಕೆ, ಗೌರವ ಕೊಡಬೇಕು. ಆದರೆ ಅದನ್ನು ಹಿಡಿದುಕೊಂಡು ಪುರಾಣ, ವೇದ, ಮೈಸೂರು ಅಂತ ಗಂಟು ಹಾಕುವುದು ಬೇಡ. ಹೊರಗಿನಿಂದ ಬರುವ ಪತ್ರಕರ್ತರೆಲ್ಲ ದಸರಾಕ್ಕೆ ಒಂದು ವಾರ ಮೊದಲು ಬಂದು ಇದೊಂದನ್ನೇ ಕೇಳುತ್ತಾರೆ. ಗಣಿ ಧೂಳಿನ ಬಗ್ಗೆ, ನೀರಿನ ಬಗ್ಗೆ ಕೇಳುವುದಿಲ್ಲ.

---

ಕೆ.ಆರ್. ಮೊಹಲ್ಲಾ

ಒಪ್ಪಿದೆ ಸರ್. ಆ ದೃಷ್ಟಿಯಿಂದ ಯೋಚಿಸಿರಲಿಲ್ಲ.

---

ವಿಶ್ರೀ

ಕನ್ನಡಕ್ಕೂ ಆ ಸೀಮೆಗೂ ನಿಜವಾದ ಸಂಬಂಧ ಬೇಕಾ? ಅದು ಅಸುರಿಯಲ್ಲಿ ಇಲ್ಲ, ಅವರ ಪಕ್ಕದ ಮನೆಯಲ್ಲಿದೆ. ಗುಮ್ಲಾದಲ್ಲಿ ಒರಾಂವ್ ಜನ ಬಹಳ ಇದ್ದಾರೆ. ಅವರ ಕುಡುಖ್ ಭಾಷೆ ದ್ರಾವಿಡ. ಕಣ್ಣಿಗೆ 'ಖನ್ನ್', ಹಲ್ಲಿಗೆ 'ಪಲ್ಲ್'. ನಮ್ಮ ಹಳಗನ್ನಡದ ಪಲ್ ತಾನೇ ಅದು! ಒರಾಂವ್ ಜನರಲ್ಲಿ ಹಿರಿಯರು ಕರ್ನಾಟಕ ಕಡೆಯಿಂದ ಬಂದರು ಎಂಬ ಕಥೆಯೂ ಇದೆ ಅಂತ ಗ್ರಿಯರ್ಸನ್ ಕಾಲದಲ್ಲೇ ಬರೆದಿಟ್ಟಿದ್ದಾರೆ. ಗ್ರಿಯರ್ಸನ್‌ರ ಭಾಷಾ ಸರ್ವೇಕ್ಷಣೆಯ ನಾಲ್ಕನೇ ಸಂಪುಟ 1906ರಲ್ಲಿ ಬಂತು. ಮುಂಡಾ ಮತ್ತು ದ್ರಾವಿಡ ಭಾಷೆಗಳು ಅದರಲ್ಲಿ ಒಟ್ಟಿಗಿವೆ. ಅಸುರಿ, ಕನ್ನಡ ಎರಡೂ ಒಂದೇ ರಟ್ಟಿನೊಳಗೆ.

---

ಹಾಸನದವ

ಅಯ್ಯೋ, ಇದು ಆಗ ಗೊತ್ತಿದ್ದರೆ! ನಮ್ಮ ಶಾಖೆಯ ಜವಾನ ಒರಾಂವ್. ಮೂರು ವರ್ಷ ಅವನ ಜೊತೆ ಹಿಂದಿಯಲ್ಲೇ ಮಾತಾಡಿದೆ. ಒಂದೂ ಕುಡುಖ್ ಪದ ಕೇಳಿ ಕಲಿಯಲಿಲ್ಲ.

---

ಮಡಿಕೇರಿ ಮಂಜು

ವಿಷಯಕ್ಕೆ ಸ್ವಲ್ಪ ಹೊರಗೆ, ಆದರೂ ಹೇಳಲೇಬೇಕು. ಗುಮ್ಲಾ ಪಕ್ಕದ ಸಿಮ್ಡೇಗಾ ಅಂದರೆ ಹಾಕಿ! ನಮ್ಮ ಕೊಡಗಿನ ಹಾಗೆ ಊರಿಗೊಂದು ತಂಡ. ಭಾರತ ಮಹಿಳಾ ತಂಡದ ಸಲೀಮಾ ಟೇಟೆ ಅಲ್ಲಿಯವರು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಹೋದ ತಂಡದ ನಾಯಕ ಜೈಪಾಲ್ ಸಿಂಗ್ ಮುಂಡಾ. ಭಾರತಕ್ಕೆ ಹಾಕಿಯಲ್ಲಿ ಮೊದಲ ಚಿನ್ನ ಬಂದದ್ದು ಆಗಲೇ.

---

ಗದಗ ಎಕ್ಸ್‌ಪ್ರೆಸ್

ಹಾಕಿಗೂ ಭಾಷೆಗೂ ಏನು ಸಂಬಂಧ ಸ್ವಾಮಿ? ಬೇರೆ ಚರ್ಚೆ ತೆಗೀರಿ.

---

ಮಡಿಕೇರಿ ಮಂಜು

ಸಂಬಂಧ ಇದೆ, ಕೇಳಿ. ಅದೇ ಜೈಪಾಲ್ ಸಿಂಗ್ ಮುಂದೆ ಸಂವಿಧಾನ ಸಭೆಯ ಸದಸ್ಯರಾದರು. 1949ರಲ್ಲಿ ಮುಂಡಾರಿ, ಗೊಂಡಿ, ಒರಾಂವ್ ಭಾಷೆಗಳನ್ನು ಎಂಟನೇ ಅನುಸೂಚಿಗೆ, ಅಂದರೆ ಸಂವಿಧಾನ ಮಾನ್ಯ ಮಾಡುವ ಭಾಷೆಗಳ ಪಟ್ಟಿಗೆ ಸೇರಿಸಿ ಅಂತ ಸಭೆಯಲ್ಲಿ ಕೇಳಿದರು. ಆಗಲಿಲ್ಲ. ಮುಂಡಾ ಕುಟುಂಬದ ಒಂದು ಭಾಷೆ, ಸಂತಾಲಿ, ಅಲ್ಲಿಗೆ ಸೇರಲು 2003ರ ತಿದ್ದುಪಡಿವರೆಗೆ ಕಾಯಬೇಕಾಯಿತು. ನಮ್ಮ ಕೊಡವ ತಕ್ಕ್, ಅಕ್ಕನ ತುಳು ಎರಡೂ ಇನ್ನೂ ಬಾಗಿಲ ಹೊರಗೇ ಇವೆ. 2011ರಲ್ಲಿ ಕೊಡವ ಆಡುವವರು ಒಂದು ಲಕ್ಷದ ಹದಿಮೂರು ಸಾವಿರ. ಅಸುರಿಯ ಸುದ್ದಿ ಓದುವಾಗ ನಮ್ಮ ಮುಂದಿನ ನಿಲ್ದಾಣ ನೋಡಿದ ಹಾಗೆ ಆಗುತ್ತದೆ.

---

ಗದಗ ಎಕ್ಸ್‌ಪ್ರೆಸ್

ತಪ್ಪಾಯ್ತು, ಹೇಳಿದ್ದು ಒಳ್ಳೇದಾಯ್ತು. ಹಾಗಾದರೆ ಒಂದು ಪ್ರಶ್ನೆ. ಜನಗಣತಿಯಲ್ಲಿ ಇಂಥ ಸಣ್ಣ ಭಾಷೆಗಳ ಲೆಕ್ಕ ಸಿಗುತ್ತಾ?

---

ಧಾರವಾಡದಿಂದ

ಕಷ್ಟ. 1961ರ ಜನಗಣತಿಯಲ್ಲಿ 1,652 ತಾಯಿನುಡಿಗಳ ಪಟ್ಟಿ ಇತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಯ ಹೆಸರು ಪ್ರಕಟ ಮಾಡುವುದನ್ನು ಬಿಟ್ಟರು. ಎಲ್ಲಾ 'ಇತರೆ' ಅನ್ನುವ ಚೀಲಕ್ಕೆ. 2011ರಲ್ಲಿ ಜನ ಹೇಳಿದ ಹೆಸರುಗಳು 19,569. ಅದನ್ನು ಸೋಸಿ ಸೋಸಿ ಕೊನೆಗೆ 121 ಭಾಷೆ ಮಾಡಿದರು. ನಮ್ಮೂರಿಗೆ ಬಂದು ನೆಲೆಸಿದ ಭಾಷಾ ವಿದ್ವಾಂಸ ಗಣೇಶ್ ದೇವಿಯವರು ಜನರನ್ನು ಸೇರಿಸಿಕೊಂಡು ಬೇರೆ ಸರ್ವೇಕ್ಷಣೆ ಮಾಡಿ 780 ಭಾಷೆ ದಾಖಲಿಸಿದರು.

ಹೆಸರೇ ಇಲ್ಲದ ಭಾಷೆಗೆ ಪಠ್ಯಪುಸ್ತಕ ಕೊಡಿ ಅಂತ ಯಾವ ಬಾಯಲ್ಲಿ ಕೇಳುವುದು?

---

ವಿಶ್ರೀ

ಮೈಸೂರಿನಲ್ಲೇ ಇದಕ್ಕೆ ಒಂದು ಕೆಲಸ ನಡೆಯುತ್ತಿದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ, 1969ರಿಂದ ಇದೆ. 2013ರಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆ ಶುರು ಮಾಡಿದರು. ವ್ಯಾಕರಣ, ನಿಘಂಟು, ಜನಪದ ಎಲ್ಲಾ ಸೇರಿ.

---

ಮೇಷ್ಟ್ರು, ಎಚ್.ಡಿ. ಕೋಟೆ

ದಾಖಲೆ ಮಾಡುವುದು ಒಳ್ಳೆಯದು, ಬೇಡ ಅನ್ನಲ್ಲ. ಆದರೆ ನಾನು ಮೂವತ್ತು ವರ್ಷ ಹಾಡಿ ಮಕ್ಕಳಿಗೆ ಪಾಠ ಮಾಡಿದವನು, ನನ್ನ ಮಾತು ಸ್ವಲ್ಪ ಕೇಳಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೇನುಕುರುಬರ ಮಕ್ಕಳು ಅವರ ನುಡಿಯಲ್ಲಿ ಮಾತಾಡಿದರೆ "ಸರಿಯಾಗಿ ಕನ್ನಡ ಮಾತಾಡು" ಅಂತ ಗದರುತ್ತಿದ್ದೆ. ಒಳ್ಳೆಯದಕ್ಕೇ ಅಂತ ನಂಬಿದ್ದೆ. ಒಬ್ಬ ಹುಡುಗಿ ಮೂರು ತಿಂಗಳು ಬಾಯಿಯೇ ಬಿಡಲಿಲ್ಲ. ಮೂಗಿ ಅಂದುಕೊಂಡಿದ್ದೆ. ಒಂದು ದಿನ ಹಾಡಿಯ ದಾರಿಯಲ್ಲಿ ನೋಡಿದರೆ ತಮ್ಮನಿಗೆ ಒಂದೇ ಸಮನೆ ಕಥೆ ಹೇಳುತ್ತಾ ಹೋಗುತ್ತಿದ್ದಾಳೆ. ಅಷ್ಟು ಮಾತು ಅವಳೊಳಗೆ ಇತ್ತು. ಅದು ನನ್ನ ತಪ್ಪು. ಅವತ್ತಿಂದ ನಾನು ಅವರ ಪದ ಕೇಳಿ ಬೋರ್ಡಿನ ಮೇಲೆ ಬರೆಯೋಕೆ ಶುರು ಮಾಡಿದೆ. ಮೊದಲು ಅವರ ಪದ, ಪಕ್ಕದಲ್ಲಿ ಕನ್ನಡ ಪದ. ತರಗತಿಯಲ್ಲಿ ಸದ್ದು ಬಂತು. ಕನ್ನಡವೂ ಬೇಗ ಬಂತು.

@ನೇರ ಮಾತು, ನೀವು ಹೊಟ್ಟೆ ಪಾಡಿನ ವಿಷಯ ಎತ್ತಿದ್ದು ಸರಿ. ಆದರೆ ಮನೆ ಮಾತು ಬಿಟ್ಟರೆ ಮಾತ್ರ ಬೇರೆ ಭಾಷೆ ಬರುತ್ತೆ ಅನ್ನುವುದು ನನ್ನ ಅನುಭವದಲ್ಲಿ ಸುಳ್ಳು. ಗುಮ್ಲಾದ ಆ ಮಗುವಿಗೆ ಅಸುರಿ, ಸಾದ್ರಿ, ಹಿಂದಿ ಮೂರೂ ಸಲೀಸಾಗಿ ಹಿಡಿಸುತ್ತವೆ. ಮಕ್ಕಳ ತಲೆಯಲ್ಲಿ ಜಾಗ ಬೇಕಾದಷ್ಟಿದೆ.

---

ನೇರ ಮಾತು

ಮೇಷ್ಟ್ರೇ, ನೀವು ಹೇಳಿದ ಮೇಲೆ ವಾದ ಮಾಡಲ್ಲ. ಒಂದು ಮಾತು ಉಳಿಸಿಕೊಳ್ಳುತ್ತೇನೆ. ಮನೆ ಹತ್ತಿರ ಕೆಲಸ ಇಲ್ಲದಿದ್ದರೆ ಆ ಹುಡುಗ ಹದಿನೆಂಟಕ್ಕೆ ಊರು ಬಿಡುತ್ತಾನೆ. ಆಮೇಲೆ ಯಾರ ಜೊತೆ ಮಾತಾಡುತ್ತಾನೆ?

---

ಬೆಳ್ಳಂದೂರು ಕೆರೆ ಪಕ್ಕ

ಈ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯೂರಿಟಿ ಹುಡುಗ ಜಾರ್ಖಂಡ್‌ನ ಖೂಂಟಿ ಜಿಲ್ಲೆಯವನು. ಈ ಚರ್ಚೆ ಓದಿ ನಿನ್ನೆ ಹೋಗಿ "ಜೋಹಾರ್" ಅಂದೆ. ಅವರ ಕಡೆ ನಮಸ್ಕಾರಕ್ಕೆ ಹಾಗೆ ಹೇಳುತ್ತಾರೆ ಅಂತ ಎಲ್ಲೋ ಓದಿದ್ದೆ. ಎದ್ದು ನಿಂತುಬಿಟ್ಟ! ಅವನದು ಮುಂಡಾರಿ. ದಿನಾ ರಾತ್ರಿ ಹತ್ತೂವರೆಗೆ ಅಮ್ಮನಿಗೆ ಫೋನ್ ಮಾಡುತ್ತಾನೆ, ಮುಂಡಾರಿಯಲ್ಲೇ. ಇಲ್ಲಿ ಅವರ ಕಡೆಯ ಏಳೆಂಟು ಹುಡುಗರು ಒಂದೇ ರೂಮಿನಲ್ಲಿದ್ದಾರಂತೆ, ಅಡುಗೆ ಮಾಡುವಾಗ ಅದೇ ಭಾಷೆ. ನೀರಿಗೆ 'ದಾ' ಅಂತ ಹೇಳಿಕೊಟ್ಟ. ನಮ್ಮ ರಾಗಿಯನ್ನು ನೋಡಿ "ಇದು ನಮ್ಮ ಮಡುವಾ, ನಾವು ರೊಟ್ಟಿ ಮಾಡುತ್ತೇವೆ" ಅಂದ. ಮುದ್ದೆ ತಿಂದಿಲ್ಲವಂತೆ. ಭಾನುವಾರ ಕರೆದಿದ್ದೇನೆ.

---

ದಾವಣಗೆರೆ ಬೆಣ್ಣೆ

ಊಟಕ್ಕೆ ಕರೆಯುವಾಗ 'ಅಬು' ಅನ್ನಿ, 'ಅಲೆ' ಅನ್ನಬೇಡಿ!

---

ಕುಲುಮೆ ಮನೆ

ಅವನ ಊರಿನ ಕಡೆ ಹಳೇ ಅಸುರ್ ಕುಲುಮೆಗಳ ಗುರುತು, ಕಬ್ಬಿಣದ ಕಿಟ್ಟ ಸಿಗುತ್ತೆ ಅಂತ ಓದಿದ್ದೆ. ಗೊತ್ತಿದೆಯಾ ಕೇಳಿ ನೋಡಿ.

---

ಬೆಳ್ಳಂದೂರು ಕೆರೆ ಪಕ್ಕ

ಕೇಳುತ್ತೇನೆ. ಕಿಟ್ಟಕ್ಕೆ ಹಿಂದಿಯಲ್ಲಿ ಏನಂತಾರೆ?

---

ರಾಂಚಿಯ ಕನ್ನಡಿಗ

ಬೇಡ, ಫೋಟೋ ತೋರಿಸಿ ಅವನ ಭಾಷೆಯಲ್ಲಿ ಏನಂತಾರೆ ಅಂತ ಅವನನ್ನೇ ಕೇಳಿ.

---

ಹಾಸನದವ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಸಹೋದ್ಯೋಗಿಗೂ ಕುಲುಮೆ ಮನೆಯವರ ಬರಹ, ಮೇಷ್ಟ್ರ ಬರಹ ತೋರಿಸಿದೆ. ಏನೂ ಹೇಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವರ ಮನೆಯಲ್ಲಿ ಅಜ್ಜಿ ಆಡುತ್ತಿದ್ದ ಮಾತಿನ ಬಗ್ಗೆ ತಾವಾಗಿಯೇ ಶುರು ಮಾಡಿದರು. ಮುಕ್ಕಾಲು ಗಂಟೆ ಹೇಳಿದರು.

ಇನ್ನೊಂದು ವಿಷಯ. ಗುಮ್ಲಾ ಶಾಖೆಯ ಹಳೇ ಜವಾನನಿಗೆ ನಿನ್ನೆ ಫೋನ್ ಮಾಡಿದ್ದೆ. "ಖನ್ನ್" ಅಂದೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಸಾಬ್, ಇದು ನಿಮಗೆ ಯಾರು ಹೇಳಿಕೊಟ್ಟರು?" ಅಂದ. ನಮ್ಮದೂ ಕಣ್ಣು ಕಣಪ್ಪಾ ಅಂತ ಹೇಳಿದೆ. ಆ ಅಜ್ಜಿಯ ಊರಿನ ಸಂತೆಗೆ ಮುಂದಿನ ವಾರ ಹೋಗುತ್ತಾನಂತೆ. ರೇಡಿಯೋ ಹಾಕಿದರೆ ಫೋನ್ ಮಾಡಿ ಕೇಳಿಸುತ್ತೇನೆ ಅಂದಿದ್ದಾನೆ.

---

ಪುತ್ತೂರಿನ ಅಕ್ಕ

ಕೇಳಿಸಿದರೆ ರೆಕಾರ್ಡ್ ಮಾಡಿ ಇಲ್ಲಿ ಹಾಕಿ. ಅವರ ಹತ್ತಿರ ಒಂದು ಮಾತು ಕೇಳಿಕೊಂಡು ಹಾಕಿ, ಆಯ್ತಾ?